ಅರಿವಿದ್ದೂ ನಡೆ ಬದಲಾಗದೇಕೆ? ಎಚ್.ಐ.ವಿ. ತಡೆಯಲ್ಲಿ ನೆರೆಹೊರೆಯ ಪಾತ್ರ

ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ತಮ್ಮ ವಿಧವೆ ಸೊಸೆಯನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಪತಿಯಿಂದ ಬಂದ ಎಚ್.ಐ.ವಿ. ಸೋಂಕು ಆಕೆಯಲ್ಲಿತ್ತು. ಸರ್ಕಾರಿ ಆಸ್ಪತ್ರೆಯ ಔಷಧಿಯನ್ನು ಆಕೆ ತಪ್ಪದೆ ಸೇವಿಸುತ್ತಿದ್ದರು. ನಮ್ಮಲ್ಲಿಗೆ ಬಂದದ್ದು ಅಜೀರ್ಣದ ತೊಂದರೆಗಾಗಿ. ಮಾತಿನ ನಡುವೆ, ಮನೆಯಲ್ಲಿ ಆಕೆಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಮೂಲೆ ಗೊತ್ತುಪಡಿಸಿರುವ ಸಂಗತಿ ತಿಳಿಯಿತು. ಒಟ್ಟಿಗೆ ಉಣ್ಣುವುದರಿಂದ ಈ ಸೋಂಕು ಹರಡುವುದಿಲ್ಲವೆಂದು ನಾವು ವಿವರಿಸತೊಡಗಿದೆವು. ಹಿರಿಯರು ನಡುವೆಯೇ ತಡೆದು, "ಅದು ನಮಗೂ ಗೊತ್ತಿದೆ ಡಾಕ್ಟರೇ. ಆದರೆ ಊರವರು ಏನೆಂದಾರು?" ಎಂದರು.

ಆ ಮಾತು ನಮ್ಮನ್ನು ಬಹುದಿನ ಕಾಡಿತು. ಅಲ್ಲಿಯವರೆಗೆ ನಾವು ಜನರಿಗೆ ತಿಳಿವಳಿಕೆ ಕೊಟ್ಟರೆ ಸಾಕು, ನಡತೆ ತಾನಾಗಿಯೇ ತಿದ್ದಿಕೊಳ್ಳುತ್ತದೆ ಎಂದು ನಂಬಿದ್ದೆವು. ಆದರೆ ಆ ಮನೆಯಲ್ಲಿ ತಿಳಿವಳಿಕೆಗೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಧೈರ್ಯಕ್ಕೆ. ಆ ಧೈರ್ಯ ನೆರೆಹೊರೆಯಿಂದ ಬರಬೇಕಾಗಿತ್ತು. ಮನುಷ್ಯನ ನಡತೆಯ ಮೇಲೆ ಸುತ್ತಲಿನವರ ಪ್ರಭಾವವನ್ನು ಅಭ್ಯಸಿಸುವ ಶಾಸ್ತ್ರಕ್ಕೆ ಸಮಾಜ ಮನೋವಿಜ್ಞಾನವೆಂದು ಹೆಸರು. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ನಿಮಿತ್ತ, ಆ ಶಾಸ್ತ್ರವು ಸಾರ್ವಜನಿಕ ಆರೋಗ್ಯಕ್ಕೆ ಕಲಿಸಿರುವ ಕೆಲವು ಪಾಠಗಳನ್ನು ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ತಿಳಿದೂ ತಪ್ಪುವ ಬುದ್ಧಿ

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈ ನಗರದಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಗುರುತಿಸಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸ್ಥಾಪನೆಯಾಯಿತು. ಅಂದಿನಿಂದ ಗೋಡೆಬರಹ, ಬೀದಿನಾಟಕ, ಆಕಾಶವಾಣಿ, ಶಾಲಾ ಮೆರವಣಿಗೆಗಳ ಮೂಲಕ ಪ್ರಚಾರ ನಡೆದಿದೆ. ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದು, ಸೋಂಕಿರುವ ತಾಯಿಯಿಂದ ಮಗುವಿಗೆ — ಈ ನಾಲ್ಕು ದಾರಿಗಳಿಂದ ಸೋಂಕು ಬರುತ್ತದೆಂಬುದನ್ನು ಇಂದು ಪ್ರೌಢಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಮುಟ್ಟುವುದರಿಂದ, ಜೊತೆಗೆ ಉಣ್ಣುವುದರಿಂದ, ಸೊಳ್ಳೆ ಕಡಿತದಿಂದ ಬರುವುದಿಲ್ಲವೆಂಬುದನ್ನೂ ಬಲ್ಲರು. ಹೀಗಿದ್ದರೂ ಪರೀಕ್ಷೆಗೆ ಹೋಗಲು ಹಿಂಜರಿಕೆ ಇದೆ. ಸೋಂಕಿತರನ್ನು ದೂರವಿಡುವುದು ಮುಂದುವರಿದಿದೆ.

ಆಯುರ್ವೇದದ ವಿದ್ಯಾರ್ಥಿಗಳಿಗೆ ಇದು ಹೊಸ ಒಗಟಲ್ಲ. ಚರಕ ಸಂಹಿತೆಯು ರೋಗಕಾರಣಗಳಲ್ಲಿ ಪ್ರಜ್ಞಾಪರಾಧಕ್ಕೆ ಮುಖ್ಯ ಸ್ಥಾನ ಕೊಡುತ್ತದೆ. ಧೀ, ಧೃತಿ, ಸ್ಮೃತಿ ಎಂಬ ಮೂರೂ ಕೆಟ್ಟಾಗ ಮನುಷ್ಯನು ತನಗೆ ಅಹಿತವಾದುದನ್ನು ಮಾಡುತ್ತಾನೆ ಎಂಬುದು ಅದರ ವಿವರಣೆ. ಧೀ ಎಂದರೆ ತಿಳಿವು. ಧೃತಿ ಎಂದರೆ ಮನಸ್ಸನ್ನು ಹಿಡಿದು ನಿಲ್ಲಿಸುವ ಬಲ. ಸ್ಮೃತಿ ಎಂದರೆ ತಕ್ಕ ಸಮಯದಲ್ಲಿ ತಿಳಿವು ನೆನಪಿಗೆ ಬರುವುದು. ನಮ್ಮ ಪ್ರಚಾರವೆಲ್ಲ ಮೊದಲನೆಯದನ್ನು ಮಾತ್ರ ತುಂಬಲು ಯತ್ನಿಸಿತು. ಉಳಿದೆರಡು ಒಬ್ಬಂಟಿಯಾಗಿ ಬೆಳೆಯುವಂಥವಲ್ಲ. ಸಹವಾಸ ಅವುಗಳನ್ನು ಪೋಷಿಸುತ್ತದೆ ಅಥವಾ ಕುಗ್ಗಿಸುತ್ತದೆ. ಅದೇ ಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋಧ್ವಂಸವೆಂಬ ಅಧ್ಯಾಯವಿದೆ. ಬೇರೆ ಬೇರೆ ಪ್ರಕೃತಿಯ ಜನರೆಲ್ಲ ಏಕಕಾಲಕ್ಕೆ ರೋಗಕ್ಕೆ ತುತ್ತಾಗುವಾಗ ಎಲ್ಲರಿಗೂ ಸಮಾನವಾದ ಕಾರಣವನ್ನು ಹುಡುಕಬೇಕೆಂದು ಅದು ತಿಳಿಸುತ್ತದೆ. ಸಮುದಾಯಕ್ಕೆ ಬಂದ ವ್ಯಾಧಿಗೆ ಸಮುದಾಯದಲ್ಲಿಯೇ ಪರಿಹಾರವನ್ನು ಅರಸುವುದು ನಮ್ಮ ಶಾಸ್ತ್ರಕ್ಕೆ ಸಮ್ಮತವಾದ ದಾರಿ.

ಭಯ ಎಷ್ಟು ದೂರ ಒಯ್ಯುತ್ತದೆ?

ತೊಂಬತ್ತರ ದಶಕದಲ್ಲಿ ನಾವೂ ಹಳ್ಳಿಗಳಲ್ಲಿ ಉಪನ್ಯಾಸ ಮಾಡಿದ್ದುಂಟು. ಎಲುಬು ಕಾಣುವಂತೆ ಕೃಶವಾದ ರೋಗಿಗಳ ಚಿತ್ರಗಳನ್ನು ತೋರಿಸಿ, ಏಡ್ಸ್ ಎಂದರೆ ಮರಣವೆಂದೇ ಹೇಳುತ್ತಿದ್ದೆವು. ಸಭಿಕರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಸಭೆ ಮುಗಿದ ಮೇಲೆ ಒಬ್ಬರೂ ಹತ್ತಿರ ಬಂದು ಪ್ರಶ್ನೆ ಕೇಳುತ್ತಿರಲಿಲ್ಲ. ಅಂದು ಅದನ್ನು ಉಪನ್ಯಾಸದ ಯಶಸ್ಸೆಂದು ತಿಳಿದೆವು. ಅದು ನಮ್ಮ ತಪ್ಪಾಗಿತ್ತು. ಬಾಗಿಲು ತೋರಿಸದೆ ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದರೆ ಕೇಳಿದವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ‘ಇದು ನನ್ನಂಥವರಿಗೆ ಬರುವ ರೋಗವಲ್ಲ’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಾನೆ.

ಇದನ್ನು ಸ್ಪಷ್ಟಪಡಿಸಿದ ಪ್ರಯೋಗವೊಂದು 1965ರಷ್ಟು ಹಿಂದೆಯೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದಿತ್ತು. ಹೊವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಕುರಿತು ಪುಸ್ತಿಕೆಗಳನ್ನು ಓದಿಸಿದರು. ಕೆಲವು ಪುಸ್ತಿಕೆಗಳಲ್ಲಿ ಭೀತಿ ಹುಟ್ಟಿಸುವ ವರ್ಣನೆ ಇತ್ತು, ಕೆಲವುಗಳಲ್ಲಿ ಸೌಮ್ಯವಾದ ವರ್ಣನೆ. ಹೆಚ್ಚು ಹೆದರಿದವರು ಲಸಿಕೆ ಹಾಕಿಸಿಕೊಳ್ಳುತ್ತೇವೆಂದು ಹೆಚ್ಚು ಉತ್ಸಾಹದಿಂದ ನುಡಿದರು. ಆದರೆ ನಿಜವಾಗಿ ಹೋಗಿ ಹಾಕಿಸಿಕೊಂಡವರ ಪ್ರಮಾಣದಲ್ಲಿ ಭೀತಿಯ ಹೆಚ್ಚು-ಕಡಿಮೆಯಿಂದ ವ್ಯತ್ಯಾಸವಾಗಲಿಲ್ಲ. ವ್ಯತ್ಯಾಸ ಉಂಟುಮಾಡಿದ್ದು ಬೇರೆಯೇ ಒಂದು ಸಂಗತಿ. ಕೆಲವು ವಿದ್ಯಾರ್ಥಿಗಳಿಗೆ ಆರೋಗ್ಯ ಕೇಂದ್ರದ ನಕ್ಷೆ ಕೊಟ್ಟು, ತಮ್ಮ ವಾರದ ವೇಳಾಪಟ್ಟಿಯಲ್ಲಿ ಯಾವ ಹೊತ್ತಿಗೆ ಹೋಗಬಹುದೆಂದು ಗುರುತಿಸಿಕೊಳ್ಳಲು ಹೇಳಿದ್ದರು. ಇವರಲ್ಲಿ ಸುಮಾರು ಶೇ. 28ರಷ್ಟು ಮಂದಿ ಲಸಿಕೆ ಪಡೆದರು. ಆ ಸೂಚನೆ ಇಲ್ಲದವರಲ್ಲಿ ಸುಮಾರು ಶೇ. 3ರಷ್ಟು ಮಾತ್ರ. ಆರೋಗ್ಯ ಕೇಂದ್ರ ಎಲ್ಲಿದೆಯೆಂಬುದು ಅವರಿಗೆ ಮೊದಲೇ ತಿಳಿದಿರಬಹುದಾಗಿತ್ತು. ಆದರೂ ‘ಎಲ್ಲಿ, ಯಾವಾಗ’ ಎಂಬುದು ನಿಶ್ಚಯವಾದಾಗ ಸಂಕಲ್ಪಕ್ಕೆ ಕಾಲು ಬಂದಿತು.

ಕೇಳಿದ ಮಾತು, ಕೂಡಿ ಮಾಡಿದ ನಿರ್ಧಾರ

ಇನ್ನೊಂದು ಪ್ರಸಿದ್ಧ ಪ್ರಯೋಗ ಎರಡನೆಯ ಮಹಾಯುದ್ಧದ ಕಾಲದ್ದು. ಅಮೆರಿಕದ ಅಯೋವಾದಲ್ಲಿ ಕುರ್ಟ್ ಲೆವಿನ್ ಎಂಬ ಮನೋವಿಜ್ಞಾನಿ ಗೃಹಿಣಿಯರ ಆಹಾರ ರೂಢಿಯನ್ನು ಬದಲಿಸುವ ಬಗೆಯನ್ನು ಅಭ್ಯಸಿಸಿದರು. ಮಾಂಸದ ಕೊರತೆಯಿದ್ದುದರಿಂದ, ಅಲ್ಲಿನವರು ಸಾಮಾನ್ಯವಾಗಿ ಬಳಸದ ಭಾಗಗಳನ್ನೂ ಅಡುಗೆಗೆ ಬಳಸುವಂತೆ ಮನವೊಲಿಸಬೇಕಾಗಿತ್ತು. ಆ ಆಹಾರ ನಮ್ಮದಲ್ಲ. ಆದರೆ ಅದರ ಪಾಠ ನಮಗೂ ಸಲ್ಲುತ್ತದೆ. ಕೆಲವು ಗುಂಪುಗಳಿಗೆ ಉತ್ತಮ ಉಪನ್ಯಾಸ ಕೊಡಿಸಿದರು. ಉಳಿದ ಗುಂಪುಗಳಲ್ಲಿ ಗೃಹಿಣಿಯರೇ ತಮ್ಮ ತೊಡಕುಗಳನ್ನು ಚರ್ಚಿಸಿ, ಕೊನೆಗೆ ಒಪ್ಪುವವರು ಎಲ್ಲರೆದುರು ಕೈ ಎತ್ತಿದರು. ಉಪನ್ಯಾಸ ಕೇಳಿದವರಲ್ಲಿ ಶೇ. 3ರಷ್ಟು ಮಂದಿ ಆ ಆಹಾರವನ್ನು ಬಳಸಿದರು. ಕೂಡಿ ಚರ್ಚಿಸಿ ನಿರ್ಧರಿಸಿದವರಲ್ಲಿ ಶೇ. 32ರಷ್ಟು. ಉಪನ್ಯಾಸ ಕೇಳುವವಳಿಗೆ ಪಕ್ಕದಲ್ಲಿ ಕುಳಿತವಳ ಮನಸ್ಸು ತಿಳಿಯದು. ಚರ್ಚೆಯಲ್ಲಿ ಕೈ ಎತ್ತಿದವಳಿಗೆ ತನ್ನಂಥವರು ಇನ್ನೂ ಹಲವರಿದ್ದಾರೆಂಬುದು ಕಣ್ಣಾರೆ ಕಾಣುತ್ತದೆ.

ತಮ್ಮವರ ಬಾಯಿಂದ ಬಂದಾಗ

ಎಚ್.ಐ.ವಿ. ತಡೆಯುವ ಕಾರ್ಯಕ್ಕೆ ಈ ತತ್ತ್ವವನ್ನು ಅಳವಡಿಸಿದವರಲ್ಲಿ ಜೆಫ್ರಿ ಕೆಲ್ಲಿ ಎಂಬ ಅಮೆರಿಕದ ವಿದ್ವಾಂಸರು ಪ್ರಮುಖರು. 1991ರಲ್ಲಿ ಪ್ರಕಟವಾದ ಅವರ ಅಧ್ಯಯನವು ಅಲ್ಲಿಯ ದಕ್ಷಿಣ ರಾಜ್ಯಗಳ ಸಣ್ಣ ನಗರಗಳಲ್ಲಿ, ಸಲಿಂಗಾಕರ್ಷಣೆಯುಳ್ಳ ಪುರುಷರ ನಡುವೆ ನಡೆದಿತ್ತು. ಅವರು ಸೇರುವ ತಾಣಗಳಲ್ಲಿ ಯಾರ ಮಾತಿಗೆ ಬೆಲೆಯಿದೆಯೆಂಬುದನ್ನು ಮೊದಲು ಕಂಡುಕೊಂಡು, ಅಂಥವರಿಗೇ ತರಬೇತಿ ಕೊಟ್ಟರು. ಅವರು ಭಾಷಣ ಮಾಡಲಿಲ್ಲ. ಸ್ನೇಹಿತರೊಡನೆ ಸಹಜವಾಗಿ ಮಾತನಾಡುತ್ತ, ತಾವೂ ಎಚ್ಚರಿಕೆ ವಹಿಸುತ್ತೇವೆಂದು ಹೇಳುತ್ತಿದ್ದರು. ಕೆಲವು ತಿಂಗಳಲ್ಲಿ ಅಪಾಯಕರ ನಡತೆ ಗಮನಾರ್ಹವಾಗಿ ಇಳಿಯಿತು.

ನಮ್ಮ ದೇಶದಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರ ನೇತೃತ್ವದಲ್ಲಿ ಕೋಲ್ಕತ್ತದ ಸೋನಾಗಾಚಿಯಲ್ಲಿ ಆರಂಭವಾದ ಕಾರ್ಯಕ್ರಮವು, ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರನ್ನೇ ಆರೋಗ್ಯ ಶಿಕ್ಷಕಿಯರನ್ನಾಗಿ ಮಾಡಿತು. ಒಬ್ಬಳೇ ಕಾಂಡೋಮ್ ಬಳಸುವಂತೆ ಪಟ್ಟು ಹಿಡಿದರೆ ಗಿರಾಕಿ ಪಕ್ಕದ ಮನೆಗೆ ಹೋಗುತ್ತಾನೆ. ಎಲ್ಲರೂ ಸೇರಿ ಹಿಡಿದರೆ ಅವನಿಗೆ ಬೇರೆ ದಾರಿಯಿಲ್ಲ. ಒಬ್ಬರಿಗೆ ಅಸಾಧ್ಯವಾದ ಧೃತಿ ಕೂಟಕ್ಕೆ ಸಾಧ್ಯವಾಯಿತು. ನಮ್ಮ ಮೈಸೂರಿನಲ್ಲಿಯೂ 2004ರಲ್ಲಿ ಆರಂಭವಾದ ‘ಅಶೋದಯ ಸಮಿತಿ’ ಇಂಥದೇ ಕಾರ್ಯವನ್ನು ಕೈಗೊಂಡು, ದೇಶದ ಇತರೆಡೆಯವರಿಗೂ ಮಾದರಿಯಾಯಿತು. ಈ ಹೆಸರುಗಳನ್ನು ಮಠದ ಪತ್ರಿಕೆಯಲ್ಲಿ ಬರೆಯಲು ನಾವು ಸಂಕೋಚಪಡುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಸೂಳೆ ಸಂಕವ್ವೆಗೂ ಸ್ಥಾನವಿತ್ತು. ಆಕೆಯ ನುಡಿ ಇತರ ಶರಣೆಯರ ನುಡಿಗಳ ಜೊತೆಗೆ ವಚನ ಸಂಪುಟದಲ್ಲಿ ಇಂದಿಗೂ ಇದೆ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಕೆಲ್ಲಿಯವರ ವಿಧಾನವನ್ನು ಮುಂದೆ ಚೆನ್ನೈ ಸೇರಿದಂತೆ ಐದು ದೇಶಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಆ ಕಾರ್ಯಕ್ರಮ ನಡೆದ ಊರುಗಳಲ್ಲಿ ಅಪಾಯ ತಗ್ಗಿತು. ಆದರೆ ಹೋಲಿಕೆಗಾಗಿ ಇರಿಸಿಕೊಂಡಿದ್ದ ಊರುಗಳಲ್ಲಿಯೂ ಸರಿಸುಮಾರು ಅಷ್ಟೇ ತಗ್ಗಿತು. ಅಲ್ಲಿಯೂ ಪರೀಕ್ಷೆ, ಆಪ್ತಸಮಾಲೋಚನೆ, ಶಿಕ್ಷಣ ದೊರೆತಿದ್ದವು. ಆದ್ದರಿಂದ ನೆರೆಯವರ ಮಾತು ಮಂತ್ರದಂಡವಲ್ಲ. ಪರೀಕ್ಷೆ ಮತ್ತು ಚಿಕಿತ್ಸೆ ಕೈಗೆಟುಕುವಂತಿರಬೇಕು. ಅವುಗಳತ್ತ ಹೆಜ್ಜೆಯಿಡಲು ನೆರೆಯವರ ಮಾತು ಸಹಾಯಕವಾಗಬೇಕು.

ಮನೆಮನೆಯ ಮಾತುಕತೆ

ಆಫ್ರಿಕದ ಉಗಾಂಡಾ ದೇಶವು ಈ ವಿಷಯದಲ್ಲಿ ಒಂದು ಪಾಠ. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿಯ ವಯಸ್ಕರಲ್ಲಿ ಸುಮಾರು ಶೇ. 15ರಷ್ಟು ಮಂದಿ ಸೋಂಕಿತರಾಗಿದ್ದರೆಂದು ಅಂದಾಜು. ಒಂದು ದಶಕದಲ್ಲಿ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇಳಿಕೆಯ ಒಂದು ಪಾಲು ಸೋಂಕಿತರ ಮರಣದಿಂದಾದುದು ದುಃಖದ ಸಂಗತಿ. ಆದರೆ ಜನರ ನಡತೆ ಬದಲಾದದ್ದೂ ನಿಜ. 2004ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು, ಉಗಾಂಡಾದ ಜನ ಏಡ್ಸ್ ವಿಷಯವನ್ನು ಹೆಚ್ಚಾಗಿ ಸ್ನೇಹಿತರು ಮತ್ತು ಬಂಧುಗಳಿಂದ ಕೇಳಿ ತಿಳಿದಿದ್ದರೆ, ಇತರ ಕೆಲವು ಆಫ್ರಿಕನ್ ದೇಶಗಳ ಜನ ಮುಖ್ಯವಾಗಿ ಪ್ರಚಾರ ಮಾಧ್ಯಮಗಳಿಂದ ಕೇಳಿದ್ದರೆಂದು ತೋರಿಸಿತು. ಫಿಲಿ ಲುಟಾಯಾ ಎಂಬ ಜನಪ್ರಿಯ ಗಾಯಕರು ತಮಗೆ ಸೋಂಕಿರುವುದನ್ನು ಬಹಿರಂಗವಾಗಿ ಹೇಳಿ, 1989ರಲ್ಲಿ ತೀರಿಕೊಳ್ಳುವವರೆಗೂ ಜನರ ನಡುವೆ ಅರಿವು ಮೂಡಿಸಿದರು. ರೋಗಕ್ಕೆ ಪರಿಚಿತ ಮುಖ ಬಂದಾಗ ‘ನಮ್ಮಂಥವರಿಗೆ ಬಾರದು’ ಎಂಬ ಭ್ರಮೆ ಕರಗುತ್ತದೆ.

ಕಳಂಕವೆಂಬ ಎರಡನೆಯ ವ್ಯಾಧಿ

ಈಗ ಆ ಹಿರಿಯರ ಪ್ರಶ್ನೆಗೆ ಮರಳೋಣ. ‘ಊರವರು ಏನೆಂದಾರು?’ ಆ ಊರಿನ ಬಹುಪಾಲು ಮನೆಗಳಲ್ಲಿ ಇದೇ ಪ್ರಶ್ನೆ ಇದ್ದಿರಬಹುದು. ಪ್ರತಿಯೊಬ್ಬರೂ ಮನದಲ್ಲಿ ಸತ್ಯವನ್ನು ಬಲ್ಲರು; ಆದರೆ ಉಳಿದವರು ಅದನ್ನು ಒಪ್ಪರೆಂದು ಪ್ರತಿಯೊಬ್ಬರೂ ಭಾವಿಸುತ್ತಾರೆ. ಹೀಗೆ ಯಾರಿಗೂ ಬೇಡವಾದ ಒಂದು ಕಟ್ಟಳೆ ಎಲ್ಲರ ಮೌನದಿಂದ ಉಳಿದುಕೊಳ್ಳುತ್ತದೆ.

1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ ನಡೆಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಒಂದು ಗೆರೆಗೆ ಸಮನಾದ ಗೆರೆ ಯಾವುದೆಂದು ಹೇಳುವುದಷ್ಟೇ ಕೆಲಸ. ಉತ್ತರ ಕಣ್ಣಿಗೆ ಸ್ಪಷ್ಟವಾಗಿತ್ತು. ಆದರೆ ಗುಂಪಿನ ಉಳಿದವರೆಲ್ಲ, ಮೊದಲೇ ಹೇಳಿಕೊಟ್ಟಂತೆ, ಒಂದೇ ತಪ್ಪು ಉತ್ತರ ಕೊಟ್ಟಾಗ, ವಿಷಯ ತಿಳಿಯದ ಅಭ್ಯರ್ಥಿಗಳು ಸುಮಾರು ಮೂರನೆಯ ಒಂದು ಪಾಲು ಸಂದರ್ಭಗಳಲ್ಲಿ ತಾವೂ ತಪ್ಪನ್ನೇ ಹೇಳಿದರು. ಗುಂಪಿನಲ್ಲಿ ಇನ್ನೊಬ್ಬರೇ ಒಬ್ಬರು ಸರಿಯುತ್ತರ ಕೊಟ್ಟಾಗ ಹೀಗೆ ತಪ್ಪುವ ಪ್ರಮಾಣ ಕಾಲು ಭಾಗಕ್ಕೆ ಇಳಿಯಿತು. ಸತ್ಯವನ್ನು ಹೇಳಲು ಊರೆಲ್ಲ ಜೊತೆಗಿರಬೇಕಿಲ್ಲ, ಒಬ್ಬರು ಜೊತೆಗಿದ್ದರೂ ಬಹಳವಾಯಿತು.

ಕಳಂಕವು ಮನನೋವಿನಲ್ಲಿ ಮುಗಿಯುವುದಿಲ್ಲ. ಅದು ಸೋಂಕನ್ನೂ ಹರಡುತ್ತದೆ. ಅವಮಾನಕ್ಕೆ ಅಂಜಿದವರು ಪರೀಕ್ಷೆಗೆ ಬಾರರು. ಪರೀಕ್ಷೆಯಾಗದವರಿಗೆ ಚಿಕಿತ್ಸೆ ದೊರೆಯದು. ಚಿಕಿತ್ಸೆಯಿಲ್ಲದವರಿಂದ ಅವರಿಗೆ ಅರಿವಿಲ್ಲದೆಯೇ ಪತ್ನಿಗೆ, ಪತ್ನಿಯಿಂದ ಮಗುವಿಗೆ ಸೋಂಕು ಸಾಗುತ್ತದೆ. ಸೋಂಕಿತರನ್ನು ಪಾಪಿಗಳೆಂದು ಕರೆಯುವವರು ಇದನ್ನು ಯೋಚಿಸಬೇಕು. ಪತಿಯಲ್ಲಿ ನಿಷ್ಠೆಯಿಟ್ಟ ಗೃಹಿಣಿ, ತಾಯಿಯ ಗರ್ಭದಲ್ಲಿದ್ದ ಶಿಶು — ಇವರು ಯಾವ ಪಾಪ ಮಾಡಿದ್ದರು? ಇನ್ನು, ತಪ್ಪಿ ನಡೆದವರಿದ್ದರೂ ವೈದ್ಯನಿಗೆ ಅವರು ರೋಗಿಗಳೇ, ಭಕ್ತನಿಗೆ ಅವರು ಬಂಧುಗಳೇ.

ಇಂದಿನ ಚಿಕಿತ್ಸೆ: ತಿಳಿದಿರಬೇಕಾದ ಸಂಗತಿಗಳು

ನಾವು ಹಿಂದೆ ತೋರಿಸುತ್ತಿದ್ದ ಚಿತ್ರಗಳು ಇಂದಿನ ಸತ್ಯವಲ್ಲ. ಎ.ಆರ್.ಟಿ. ಎಂಬ ಔಷಧಗಳನ್ನು ಸರ್ಕಾರವು 2004ರಿಂದ ಉಚಿತವಾಗಿ ನೀಡುತ್ತಿದೆ. 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ, ರೋಗಲಕ್ಷಣಗಳಿಗೆ ಕಾಯದೆ, ಚಿಕಿತ್ಸೆ ಆರಂಭಿಸುವ ನೀತಿ ಜಾರಿಯಲ್ಲಿದೆ. ತಪ್ಪದೆ ಔಷಧಿ ಸೇವಿಸುವವರು ದೀರ್ಘಕಾಲ ದುಡಿದು ಬಾಳಬಲ್ಲರು. ರಕ್ತದಲ್ಲಿ ವೈರಾಣುವಿನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ತಗ್ಗಿ ಹಾಗೆಯೇ ಉಳಿದರೆ, ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇ. 15ರಿಂದ 45ರವರೆಗೆ ಇರುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಅದನ್ನು ಶೇ. 5ಕ್ಕಿಂತ ಕೆಳಗೆ ತರಬಹುದು. ಸೋಂಕು ತಗಲಿರಬಹುದೆಂಬ ಅಪಾಯಕರ ಘಟನೆ ನಡೆದಿದ್ದರೆ, 72 ಗಂಟೆಗಳೊಳಗೆ, ಆದಷ್ಟು ಬೇಗ ಆಸ್ಪತ್ರೆಗೆ ಹೋದಲ್ಲಿ ತಡೆ ಔಷಧಿಯೂ ಉಂಟು.

ಆಯುರ್ವೇದ ವೈದ್ಯರಾಗಿ ಒಂದು ಮಾತನ್ನು ನಿಸ್ಸಂದಿಗ್ಧವಾಗಿ ಹೇಳಬೇಕಾಗಿದೆ. ಎಚ್.ಐ.ವಿ.ಯನ್ನು ದೇಹದಿಂದ ಕಿತ್ತೊಗೆಯುವ ಕಷಾಯವಾಗಲಿ, ಭಸ್ಮವಾಗಲಿ, ರಸಾಯನವಾಗಲಿ ನಮ್ಮಲ್ಲಿ ಇಲ್ಲ. ಅಂಥ ಭರವಸೆಯನ್ನು ನಂಬಿ ಎ.ಆರ್.ಟಿ. ನಿಲ್ಲಿಸಿದವರು ಕ್ಷೀಣಿಸಿ ಬಂದುದನ್ನು ನಾವು ಕಂಡಿದ್ದೇವೆ. ಹಿತಮಿತವಾದ ಆಹಾರ, ನಿದ್ರೆ, ದಿನಚರಿ, ಸದ್ವೃತ್ತ ಇವುಗಳ ವಿಷಯದಲ್ಲಿ ಆಯುರ್ವೇದ ನೆರವಾಗಬಲ್ಲದು. ಯಾವುದೇ ಮೂಲಿಕೆಯ ಔಷಧಿಯನ್ನು ಎ.ಆರ್.ಟಿ. ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಬೇಕು. ಅವರು ಕೊಟ್ಟ ಔಷಧಿಯನ್ನು ಒಂದು ದಿನವೂ ಬಿಡಬಾರದು.

ನಾವೇನು ಮಾಡಬಹುದು?

ರಾಷ್ಟ್ರೀಯ ಅಂದಾಜಿನಂತೆ 2023ರಲ್ಲಿ ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್.ಐ.ವಿ. ಸೋಂಕಿನೊಡನೆ ಬದುಕುತ್ತಿದ್ದರು, ಅವರ ಸಂಖ್ಯೆ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದ್ದರಿಂದ ಇದು ಪರರ ಸಂಗತಿಯಲ್ಲ.

ಮೊದಲನೆಯದಾಗಿ, ಅಕ್ಕನ ಬಳಗ, ಯುವಕ ಸಂಘಗಳು ವರ್ಷಕ್ಕೊಮ್ಮೆಯಾದರೂ ಈ ವಿಷಯವನ್ನು ಚರ್ಚೆಗೆ ಇಟ್ಟುಕೊಳ್ಳಲಿ. ಉಪನ್ಯಾಸಕ್ಕಿಂತ ಮಾತುಕತೆ ಹೆಚ್ಚಿರಲಿ. ಕೊನೆಗೆ ಒಂದು ನಿರ್ಧಾರವಿರಲಿ. ಎರಡನೆಯದಾಗಿ, ‘ಪರೀಕ್ಷೆ ಮಾಡಿಸಿಕೊಳ್ಳಿ’ ಎಂದು ಹೇಳಿ ಬಿಡದೆ ಯಾವ ಆಸ್ಪತ್ರೆ, ಯಾವ ದಿನ, ಯಾವ ಹೊತ್ತು ಎಂಬುದನ್ನು ಗೊತ್ತುಮಾಡಿಕೊಳ್ಳಲು ನೆರವಾಗಿರಿ. ಸರ್ಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. 1097 ಎಂಬ ಉಚಿತ ದೂರವಾಣಿಯಲ್ಲಿ ಹೆಸರು ಹೇಳದೆಯೂ ಮಾಹಿತಿ ಕೇಳಬಹುದು. ಮೂರನೆಯದಾಗಿ, ಊರಲ್ಲಿ ಗೌರವವುಳ್ಳ ಹಿರಿಯರು ತಾವೇ ಮೊದಲು ಪರೀಕ್ಷೆ ಮಾಡಿಸಿಕೊಳ್ಳಲಿ. ಆಗ ರಕ್ತದೊತ್ತಡ, ಸಕ್ಕರೆಯ ಪರೀಕ್ಷೆಗಳಂತೆ ಇದೂ ಸಾಮಾನ್ಯವಾಗುತ್ತದೆ. ವಿವಾಹಕ್ಕೆ ಮುನ್ನ ವಧೂವರರಿಬ್ಬರೂ ಸ್ವಇಚ್ಛೆಯಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯ ರೂಢಿ. ಆದರೆ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ. ನಾಲ್ಕನೆಯದಾಗಿ, ಒಬ್ಬರ ಸೋಂಕಿನ ವಿಷಯ ನಮಗೆ ತಿಳಿದುಬಂದರೆ ಅದು ನಮ್ಮಲ್ಲೇ ಉಳಿಯಲಿ. 2017ರ ಎಚ್.ಐ.ವಿ. ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆಯು 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿದ್ದು, ಉದ್ಯೋಗ, ಶಿಕ್ಷಣ, ಚಿಕಿತ್ಸೆ, ವಾಸದ ಮನೆ ಮುಂತಾದವುಗಳಲ್ಲಿ ಸೋಂಕಿತರಿಗೆ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ.

ಐದನೆಯದನ್ನು ಹೇಳಲು ಆ ಸೊಸೆಯ ಕಥೆಯನ್ನೇ ಮುಗಿಸುತ್ತೇವೆ. ಸುಮಾರು ಒಂದು ವರ್ಷದ ಬಳಿಕ ಆ ಹಿರಿಯರು ಮೊಣಕಾಲು ನೋವಿಗಾಗಿ ಮತ್ತೆ ಬಂದಿದ್ದರು. ಬೇರೆ ತಟ್ಟೆ ಈಗಿಲ್ಲವೆಂದು ತಾವಾಗಿಯೇ ತಿಳಿಸಿದರು. ಜಾತ್ರೆಯ ದಾಸೋಹದಲ್ಲಿ ಸೊಸೆ ಪಂಕ್ತಿಯ ತುದಿಯಲ್ಲಿ ಒಬ್ಬಳೇ ಕುಳಿತಿದ್ದಳಂತೆ. ಓಣಿಯ ಅಜ್ಜಿಯೊಬ್ಬರು ಎದ್ದು ಬಂದು ಪಕ್ಕದಲ್ಲಿ ಕುಳಿತು, ಏನೂ ನಡೆದಿಲ್ಲವೆಂಬಂತೆ ಪ್ರಸಾದ ಸ್ವೀಕರಿಸಿದರು. ಮರುದಿನ ಇನ್ನಿಬ್ಬರು ಕುಳಿತರು. "ಊರವರು ಏನೂ ಅನ್ನಲಿಲ್ಲ ಡಾಕ್ಟರೇ," ಎಂದರು ಹಿರಿಯರು. ಅವರ ಧ್ವನಿಯಲ್ಲಿ ಸಂತೋಷದೊಡನೆ ಸ್ವಲ್ಪ ನಾಚಿಕೆಯೂ ಇತ್ತು.

ಆ ಅಜ್ಜಿ ಯಾವ ಪ್ರಯೋಗದ ವರದಿಯನ್ನೂ ಓದಿದವರಲ್ಲ. ದಾಸೋಹದ ಪಂಕ್ತಿಯಲ್ಲಿ ಭೇದವಿಲ್ಲವೆಂಬುದನ್ನು ಮಾತ್ರ ಅವರು ಬಲ್ಲವರಾಗಿದ್ದರು, ಮತ್ತು ಬಲ್ಲಂತೆ ನಡೆದರು. ಮುಂದಿನ ಜಾತ್ರೆಯಲ್ಲಿ ನಮ್ಮ ನಮ್ಮ ಊರಿನ ಪಂಕ್ತಿಯ ತುದಿಯಲ್ಲಿ ಯಾರಾದರೂ ಒಬ್ಬರೇ ಕುಳಿತಿದ್ದಾರೆಯೇ ಎಂದು ನೋಡೋಣ. ಕಂಡರೆ ಎದ್ದು ಹೋಗಿ ಪಕ್ಕದಲ್ಲಿ ಕೂರೋಣ.